ಕೂಳೂರಿನ ಮನೆಗೆ ಒಯ್ದ ಜಪಾನಿನ ಪುಸ್ತಕಗಳು

ಜಪಾನಿನ ಪುಸ್ತಕಗಳ ಬಗ್ಗೆ ನಾನು ಬರೆಯಲು ಶುರು ಮಾಡಿದ್ದು ಆಸೆಯಿಂದಲ್ಲ. ಬೇರೆ ಯಾರೂ ಒಪ್ಪದ ಕಾರಣ ಆ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಮಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಪತ್ರಿಕೆಯೊಂದರ ಭಾನುವಾರದ ಪುರವಣಿ ನೋಡಿಕೊಳ್ಳುವವರು ಫೋನ್ ಮಾಡಿ, "ಮೇಡಂ, ಜಪಾನಿನ ಹಳೇ ಅರಸರ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂದು ಬಿದ್ದಿದೆ. ಕೊಟ್ಟವರೆಲ್ಲ ಎರಡು ದಿನ ಇಟ್ಟುಕೊಂಡು ವಾಪಸ್ ತಂದರು. ನೀವು ಇತಿಹಾಸದವರಲ್ಲವಾ, ಒಮ್ಮೆ ನೋಡಿ" ಎಂದರು. ನೋಡಿದೆ, ಬರೆದೆ. ಮುಂದಿನ ಸಲ ಜಪಾನಿನ ಮದುವೆ ಪದ್ಧತಿಗಳ ಬಗ್ಗೆ ಪುಸ್ತಕ ಬಂದಾಗ ಅವರು ನನ್ನನ್ನು ಕೇಳಲೂ ಇಲ್ಲ, ನೇರ ಉರ್ವದ ನನ್ನ ಮನೆಗೆ ಕಳಿಸಿದರು. ಹೀಗೆ ವರ್ಷಕ್ಕೆ ಮೂರೋ ನಾಲ್ಕೋ. ಚಹಾ ಕುಡಿಯುವ ವಿಧಾನ, ಭೂಕಂಪ, ಮುದುಕರ ಸಂಖ್ಯೆ ಹೆಚ್ಚುತ್ತಿರುವ ಊರುಗಳು, ಮರದ ದೇವಸ್ಥಾನಗಳು. ಸ್ಟಾಫ್ ರೂಮಿನಲ್ಲಿ ನನಗೆ 'ಜಪಾನ್ ಟೀಚರ್' ಎಂಬ ಹೆಸರೂ ಬಂತು. ನಾನು ಜಪಾನಿಗೆ ಹೋದವಳಲ್ಲ. ಅಲ್ಲಿಯ ಭಾಷೆಯೂ ಬರುತ್ತಿರಲಿಲ್ಲ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಗುರುತಿಲ್ಲದ ಗಂಡಸೊಬ್ಬರು ಫೋನ್ ಮಾಡಿದರು. ನಂಬರನ್ನು ಪತ್ರಿಕೆಯವರು ಕೊಟ್ಟಿದ್ದರಂತೆ.

"ಟೀಚರ್, ನಾನು ಕೂಳೂರಿನಿಂದ. ಮೀನಿನ ವ್ಯಾಪಾರದವ. ನಿಮ್ಮ ಜಪಾನಿನ ಲೇಖನ ನಾವು ತಪ್ಪದೆ ಓದ್ತೇವೆ. ಇವತ್ತಿನದ್ದರಲ್ಲಿ ಆ ದ್ವೀಪದ ಹೆಂಗಸರ ಕಥೆ ಅರ್ಧದಲ್ಲಿ ನಿಲ್ಲಿಸಿದ್ದೀರಿ. ಪುಸ್ತಕದಲ್ಲಿ ಮುಂದೆ ಎಂತ ಉಂಟು ಅಂತ ನನ್ನ ಹೆಂಡತಿಗೆ ತಿಳಿಯಬೇಕಂತೆ."

"ಅವರೇ ಓದಬಹುದಲ್ಲ, ಪುಸ್ತಕ ಕೊಡುತ್ತೇನೆ" ಎಂದೆ.

"ಅವಳಿಗೆ ಇಂಗ್ಲಿಷ್ ಬರುದಿಲ್ಲ. ಕನ್ನಡ ಓದಲಿಕ್ಕೂ ಬರುದಿಲ್ಲ. ನಾನು ಓದಿ ತುಳುವಿನಲ್ಲಿ ಹೇಳುವುದು." ಆಮೇಲೆ, "ಅವಳು ಅಲ್ಲಿಯವಳೇ" ಎಂದರು.

ನನಗೆ ನಂಬಿಕೆ ಬರಲಿಲ್ಲ. ಇಷ್ಟು ವರ್ಷ ಜಪಾನಿನ ಬಗ್ಗೆ ಬರೆಯುತ್ತಾ ಬಂದವಳು ನಾನು. ಉರ್ವದಿಂದ ಕೂಳೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಅಲ್ಲಿ ಒಬ್ಬ ಜಪಾನಿ ಹೆಂಗಸು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದಾರೆಂದು ನನಗೆ ತಿಳಿದಿರಲಿಲ್ಲ.

ಮುಂದಿನ ಶನಿವಾರ ಪುಸ್ತಕ ಹಿಡಿದು ಹೋದೆ. ಸೇತುವೆಯ ಹತ್ತಿರ ಇಳಿದು ಹೊಳೆಯ ಬದಿಯ ದಾರಿಯಲ್ಲಿ ನಡೆದರೆ ಎರಡು ಮಾಳಿಗೆಯ ಹಳೇ ಮನೆ. ಗೇಟು ತೆಗೆದವರು ನೈಟಿಯ ಮೇಲೆ ಹೆಗಲಿಗೆ ಬೈರಾಸು ಹಾಕಿಕೊಂಡಿದ್ದ ಗಿಡ್ಡ ಹೆಂಗಸು. ಕೂದಲು ಪೂರ್ತಿ ಬೆಳ್ಳಗೆ. ಶಾಯಿ ಉಗುಳುವ ಬೊಂಡಾಸ್ ಮೀನನ್ನು ಶುಚಿ ಮಾಡುತ್ತಿದ್ದರೆಂದು ಕಾಣುತ್ತದೆ, ಕೈಯಲ್ಲಿ ಅದರ ಕಪ್ಪು ಶಾಯಿ ಇತ್ತು. "ಬಲೆ, ಕುಳ್ಳುಲೆ" ಎಂದು ಶುದ್ಧ ತುಳುವಿನಲ್ಲಿ ಬನ್ನಿ, ಕೂತುಕೊಳ್ಳಿ ಎಂದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ಬಗ್ಗಿ ನಮಸ್ಕಾರ ಮಾಡುವ ಚಿತ್ರ ಅಲ್ಲೇ ಹಾರಿಹೋಯಿತು.

ಅವರ ಕಥೆಯನ್ನು ಹೆಚ್ಚಾಗಿ ಹೇಳಿದ್ದು ಗಂಡ. ಪ್ರಾಯದಲ್ಲಿ ಅವರನ್ನು ಮೀನು ಶೈತ್ಯೀಕರಣದ ತರಬೇತಿಗೆಂದು ಜಪಾನಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿಗೆ ಕಳಿಸಿದ್ದರು. ಬೊಂಡಾಸ್ ಸೀಳಿ ಒಣಗಿಸುವ ಶೆಡ್ಡಿನಲ್ಲಿ ಈಕೆ ಕೆಲಸ ಮಾಡುತ್ತಿದ್ದರು. ಮದುವೆಗೆ ಈಕೆಯ ಅಪ್ಪ ಒಪ್ಪಲಿಲ್ಲ. ಹೋಗುವುದಾದರೆ ಮತ್ತೆ ಈ ಬಾಗಿಲಿಗೆ ಬರಬೇಡ ಎಂದರಂತೆ. ಈಕೆ ಬಂದುಬಿಟ್ಟರು, ಮತ್ತೆ ಹೋಗಲಿಲ್ಲ. ಅಪ್ಪ ಅಮ್ಮ ತೀರಿದ ಸುದ್ದಿ ಅಕ್ಕನ ಕಾರ್ಡಿನಿಂದ ತಿಳಿಯಿತು. ಆಮೇಲೆ ಆ ಅಕ್ಕ ಮನೆ ಬದಲಿಸಿರಬೇಕು, ಕಾರ್ಡು ಬರುವುದೂ ನಿಂತಿತು.

"ಇಲ್ಲಿ ಭಾಷೆ ಹೇಗೆ ಕಲಿತಿರಿ ಅಕ್ಕಾ?" ಎಂದು ಅವರನ್ನೇ ಕೇಳಿದೆ.

"ಅತ್ತೆ ಕಲಿಸಿದರು. ಮೊದಲು ಮೀನಿನ ಹೆಸರು, ಮತ್ತೆ ಪಾತ್ರೆಯ ಹೆಸರು, ಮತ್ತೆ ಬೈಗುಳ" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಮೊದಮೊದಲು ನಾನು ಒಬ್ಬಳೇ ಇರುವಾಗ ನಮ್ಮ ಮಾತು ಆಡಿಕೊಳ್ತಿದ್ದೆ. ಅತ್ತೆ ಒಂದು ದಿನ ಕೈ ಹಿಡಿದು ಹೇಳಿದರು, ನಮಗೆ ತಿಳಿಯದ್ದನ್ನು ಮಾತಾಡಬೇಡ ಮಗಾ, ನೀನು ಬೈಯ್ತಿದ್ದೀಯೋ ಅಳ್ತಿದ್ದೀಯೋ ಗೊತ್ತಾಗುದಿಲ್ಲ, ಹೆದರಿಕೆ ಆಗ್ತದೆ ಅಂತ. ಪಾಪ, ಅವರದ್ದೂ ಸರಿಯೇ. ನಾನು ಬಿಟ್ಟೆ" ಎಂದರು.

ಮಕ್ಕಳಿಗೂ ಕಲಿಸಲಿಲ್ಲ. ಮಗಳು ಮುಂಬಯಿಯಲ್ಲಿ, ಮಗ ಇಲ್ಲೇ ಐಸ್ ಪ್ಲಾಂಟ್ ನೋಡಿಕೊಂಡು ಇದ್ದಾನೆ. ಇಬ್ಬರಿಗೂ ತಾಯಿಯ ಭಾಷೆಯ ಒಂದು ಶಬ್ದವೂ ಬರುವುದಿಲ್ಲ.

ನಾನು ಅವರಿಂದ ಜಪಾನಿನ ಬಗ್ಗೆ ತಿಳಿಯಬಹುದೆಂದು ಹೋದವಳು. ಆದದ್ದು ತಿರುಗುಮುರುಗು. ಇಪ್ಪತ್ತೆರಡರ ಪ್ರಾಯದಲ್ಲಿ ಊರು ಬಿಟ್ಟ ಅವರು ರಾಜಧಾನಿಯನ್ನು ನೋಡಿದವರಲ್ಲ, ಅರಮನೆಗಳನ್ನು ನೋಡಿದವರಲ್ಲ. ನಾನು ಪುಸ್ತಕದಿಂದ ತುಳುವಿನಲ್ಲಿ ಹೇಳುತ್ತಾ ಹೋದರೆ ಕಣ್ಣು ಬಿಟ್ಟು ಕೇಳುವರು. "ಹೌದಾ, ಈಗ ಅಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚಿದ್ದಾರಾ? ನಮ್ಮ ಶಾಲೆಯಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಇರಲಿಲ್ಲ" ಎನ್ನುವರು. ಚಹಾ ವಿಧಾನದ ಪುಸ್ತಕ ಕೇಳಿ ಅವರಿಗೆ ನಿದ್ದೆ ಬಂತು. ಮೀನುಗಾರರ ದೇವರ ಬಗ್ಗೆ ಓದಿದ ದಿನ ಎದ್ದು ಒಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಚಹಾ ಇತ್ತು, ಮುಖ ತೊಳೆದಿದ್ದರು.

ಅಲ್ಲಿಂದ ಮುಂದೆ ಪ್ರತಿ ಹೊಸ ಪುಸ್ತಕವೂ ವಿಮರ್ಶೆ ಬರೆಯುವ ಮೊದಲು ಕೂಳೂರಿಗೆ ಹೋಗಿ ಬರುತ್ತಿತ್ತು. ಅವರಿಗೆ ಹೇಳುವಾಗ ಯಾವ ಭಾಗ ಬೇಸರ ತರಿಸಿತೋ ಅದನ್ನು ಲೇಖನದಲ್ಲೂ ಮೊಟಕು ಮಾಡುತ್ತಿದ್ದೆ. ನನ್ನ ಬರಹ ಆ ವರ್ಷಗಳಲ್ಲಿ ಸುಧಾರಿಸಿತೆಂದು ಪುರವಣಿಯವರು ಹೇಳಿದರು. ಕಾರಣ ಅವರಿಗೆ ತಿಳಿದಿರಲಿಲ್ಲ.

ಒಂದು ಸಲ ಹಳೇ ಮರದ ದೋಣಿಗಳ ಫೋಟೋ ಪುಸ್ತಕ ಬಂತು. ಚಿತ್ರಗಳ ಕೆಳಗೆ ಇಂಗ್ಲಿಷಿನ ಜೊತೆ ಜಪಾನಿ ಲಿಪಿಯಲ್ಲೂ ಒಂದೆರಡು ಸಾಲು ಇತ್ತು. ಅಕ್ಕ ಕನ್ನಡಕ ಏರಿಸಿ, ಬೆರಳಿಟ್ಟು, ಒಂದನೇ ಕ್ಲಾಸಿನ ಮಗುವಿನಂತೆ ತಡೆದು ತಡೆದು ಓದಿದರು. ಆ ಸ್ವರವೇ ಬೇರೆ ಇತ್ತು, ತುಳುವಿನಲ್ಲಿ ಮಾತಾಡುವ ಗಟ್ಟಿ ಸ್ವರ ಅಲ್ಲ, ಸಣ್ಣದು. ಬಾಗಿಲಲ್ಲಿ ನಿಂತಿದ್ದ ಗಂಡ, "ಆಗ ಹೀಗೆಯೇ ಮಾತಾಡ್ತಿದ್ದಳು" ಎಂದರು. ಅದನ್ನು ಕೇಳಿ ಅಕ್ಕ ಪುಸ್ತಕ ಮುಚ್ಚಿಬಿಟ್ಟರು.

"ನನಗೆ ಸ್ವಲ್ಪ ಕಲಿಸಿ ಅಕ್ಕಾ" ಎಂದೆ.

"ನಾಲಿಗೆ ತುಕ್ಕು ಹಿಡಿದಿದೆ ಮಾರಾಯ್ತಿ. ಮಳೆಗಾಲ ಮುಗಿಯಲಿ, ನೋಡುವ" ಎಂದರು.

ಮಳೆಗಾಲ ಮುಗಿಯಿತು. ಮಗಳ ಬಾಣಂತನಕ್ಕೆ ಅವರು ಮುಂಬಯಿಗೆ ಹೋದರು. ಬಂದ ಮೇಲೆ ನನ್ನ ನಿವೃತ್ತಿಯ ಗಡಿಬಿಡಿ. ಕೇಳಲು ನನಗೂ, ನೆನಪಿಸಲು ಅವರಿಗೂ ಅಂಥ ಅವಸರ ಕಾಣಲಿಲ್ಲ. ಹತ್ತಿರದಲ್ಲೇ ಇದ್ದೇವಲ್ಲ ಎಂಬ ಭಾವನೆ.

ಮರುವರ್ಷ ಮಳೆ ಹಿಡಿದ ಹೊಸತರಲ್ಲಿ, ದೋಣಿಗಳೆಲ್ಲ ಬಂದರಿನ ಧಕ್ಕೆಯಲ್ಲಿ ಕಟ್ಟಿಕೊಂಡು ಮೀನುಗಾರಿಕೆ ನಿಂತಿದ್ದ ದಿನಗಳಲ್ಲಿ, ಅಕ್ಕ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಮೆದುಳಿನ ಆಘಾತ. ಬಲಗೈ ಬಲಗಾಲು ಸೋತವು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅವರ ಮಗ ಫೋನ್ ಮಾಡಿದ.

"ಟೀಚರ್, ಅಮ್ಮ ಮಾತಾಡ್ಲಿಕ್ಕೆ ಶುರು ಮಾಡಿದ್ದಾರೆ. ಆದರೆ ತುಳು ಅಲ್ಲ. ಅವರ ಭಾಷೆ ಅಂತ ಕಾಣ್ತದೆ. ನಾವು ಹೇಳಿದ್ದು ಅವರಿಗೆ ಗೊತ್ತಾಗುದಿಲ್ಲ, ಅವರು ಹೇಳಿದ್ದು ನಮಗೆ ಗೊತ್ತಾಗುದಿಲ್ಲ. ನೀವು ಒಮ್ಮೆ ಬರ್ತೀರಾ?"

ಅವನು ನನ್ನನ್ನು ಕರೆದದ್ದು ಯಾಕೆಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಆ ಮನೆಯಲ್ಲಿ ಎಲ್ಲರಿಗೂ ನಾನು ಜಪಾನ್ ತಿಳಿದವಳು.

ಹೋದೆ. ಅಕ್ಕ ಕೆಳಗಿನ ಕೋಣೆಯ ಮಂಚದಲ್ಲಿ ಮಲಗಿದ್ದರು. ಬಾಯಿ ಒಂದು ಬದಿಗೆ ಎಳೆದಿತ್ತು. ಮಾತು ತೊದಲು, ಆದರೆ ನಿಲ್ಲದ ಮಾತು. ದೋಣಿಯ ಪುಸ್ತಕ ಓದಿದ ದಿನದ ಅದೇ ಸಣ್ಣ ಸ್ವರ. ಗಂಡ ಮಂಚದ ಕಾಲಬದಿಯಲ್ಲಿ ನಿಂತಿದ್ದರು. ನನ್ನನ್ನು ನೋಡಿ ಅವರ ಮುಖ ಹಗುರವಾಯಿತು.

"ಎಂತ ಹೇಳ್ತಿದ್ದಾಳೆ ಟೀಚರ್?"

ನಾನು ಬಗ್ಗಿ ಕಿವಿ ಕೊಟ್ಟೆ. ಒಂದಾದರೂ ಗುರುತಿನ ಶಬ್ದ ಸಿಕ್ಕೀತೆಂದು ಕಾದೆ. ಪುಸ್ತಕಗಳಿಂದ ನಾನು ಕಲಿತ ಜಪಾನಿ ಶಬ್ದಗಳು ಇದ್ದವು. ಮುಪ್ಪಾದ ವಸ್ತುವಿನ ಚೆಲುವಿಗೆ ಒಂದು ಶಬ್ದ, ಋಣಕ್ಕೆ ಒಂದು, ಎಲ್ಲ ಕಳೆದುಹೋಗುತ್ತದೆಂಬ ಮೆಲುದುಃಖಕ್ಕೆ ಒಂದು. ಪ್ರತಿಯೊಂದರ ಬಗ್ಗೆ ಅರ್ಧ ಪುಟ ಬರೆದಿದ್ದೇನೆ. ನೀರು ಬೇಕು, ನೋಯುತ್ತದೆ, ಹತ್ತಿರ ಬಾ ಎಂಬುದಕ್ಕೆ ಏನೆನ್ನುತ್ತಾರೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ನನಗೆ ಈ ಭಾಷೆ ಬರುವುದಿಲ್ಲ" ಎಂದೆ.

"ಅಷ್ಟು ಪುಸ್ತಕ ಓದಿದ್ದೀರಲ್ಲ?"

"ಎಲ್ಲ ಇಂಗ್ಲಿಷಿನಲ್ಲಿ."

ಅವರು ತಲೆಯಾಡಿಸಿದರು. ಕೋಪ ಇರಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿ, ಚಹಾ ಮಾಡಲು ಸೊಸೆಗೆ ಹೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಗ ಮೊಬೈಲಿನಲ್ಲಿ ಅನುವಾದ ಮಾಡುವ ಆ್ಯಪ್ ಹಾಕಿಕೊಂಡಿದ್ದ. ತಾಯಿಯ ಬಾಯಿಯ ಹತ್ತಿರ ಹಿಡಿದ. ತೊದಲು ಮಾತಿಗೆ ಅದು ಒಮ್ಮೆ ರೈಲಿನ ಟಿಕೆಟ್ ಎಂದಿತು, ಇನ್ನೊಮ್ಮೆ ಮೂಲಂಗಿ ಎಂದಿತು. ಒಂದು ಶಬ್ದ ಮಾತ್ರ ಪದೇ ಪದೇ ಬರುತ್ತಿತ್ತು, ನಮ್ಮ ಕಿವಿಗೆ 'ಸಮು, ಸಮು' ಎಂದು ಕೇಳುತ್ತಿತ್ತು.

"ನಡುವೆ ನಮ್ಮ ಮಾತು ಬಂದು ಸಮುದ್ರ ಅಂತ ಹೇಳ್ತಿದ್ದಾಳಾ?" ಎಂದು ಗಂಡ ಕೇಳಿದರು. "ಎಷ್ಟೆಂದರೂ ಕಡಲ ಬದಿಯವಳು. ನೋಡಬೇಕು ಅಂತ ಆಸೆ ಇರಬಹುದು."

"ಇರಬಹುದು" ಎಂದೆ. ನನಗೂ ಅದು ನಿಜವೆನಿಸಿತು. ದ್ವೀಪದ ಜನಕ್ಕೂ ಕಡಲಿಗೂ ಇರುವ ನಂಟಿನ ಬಗ್ಗೆ ನಾನೇ ಎಷ್ಟು ಬರೆದಿರಲಿಲ್ಲ.

ಅವರನ್ನು ಮಾಳಿಗೆಯ ಕೋಣೆಗೆ ಎತ್ತಿಕೊಂಡು ಹೋದರು. ಅಲ್ಲಿಂದ ಹೊಳೆಯೂ, ಅದರಾಚೆ ಹೊಳೆ ಕಡಲು ಸೇರುವ ಅಳಿವೆಯ ಬದಿಯ ಬಿಳಿ ನೊರೆಯ ಗೆರೆಯೂ ಕಾಣುತ್ತದೆ. ಕಿಟಕಿಗಳನ್ನು ಪೂರ್ತಿ ತೆರೆದಿಟ್ಟರು. ಮಳೆಗಾಲದ ಗಾಳಿ. ರೋಗಿಗೆ ಗಾಳಿ ಆಡಬೇಕೆಂದು ಫ್ಯಾನೂ ಇತ್ತು. ಅವರು ಎಡಗೈಯಿಂದ ಹೊದಿಕೆಯನ್ನು ಎಳೆದಾಡಿದರೆ ಸೆಕೆ ಆಗುತ್ತದೆಂದು ಸೊಸೆ ಅದನ್ನು ಸರಿಸುತ್ತಿದ್ದಳು. ಅವಳದ್ದು ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ಅಷ್ಟು ಜೋಪಾನವಾಗಿ ಅತ್ತೆಯನ್ನು ನೋಡಿಕೊಂಡವಳು ಅವಳು.

ಭಾಷೆ ಬಲ್ಲವರನ್ನು ಹುಡುಕುವುದು ನನ್ನ ಕೆಲಸವೆಂದುಕೊಂಡೆ. ಅಲ್ಲಿ ಇಲ್ಲಿ ಕೇಳಿದೆ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಪುಣೆಯಲ್ಲಿ ಜಪಾನಿ ಭಾಷೆ ಕಲಿಸುತ್ತಾಳೆಂದು ಗೊತ್ತಾಗಿ, ಅವಳ ನಂಬರು ಕೈಗೆ ಸಿಗುವಾಗ ವಾರಗಳು ಕಳೆದಿದ್ದವು. ಮಳೆ ಜೋರಾಗಿ ಹೊಯ್ಯುವ ಆಟಿ ತಿಂಗಳು ಬಂದಿತ್ತು. ಒಂದು ಮಧ್ಯಾಹ್ನ ಮಾಳಿಗೆಯ ಕೋಣೆಯಿಂದ ವಿಡಿಯೋ ಕಾಲ್ ಮಾಡಿದೆವು. ಮಗ ಫೋನನ್ನು ಅಕ್ಕನ ಮುಖದ ಹತ್ತಿರ ಹಿಡಿದ. ಪುಣೆಯ ಹುಡುಗಿ ಮೆಲ್ಲಗೆ ಏನೋ ಕೇಳಿದಳು. ಅಕ್ಕ ಮಾತಾಡುವುದನ್ನು ನಿಲ್ಲಿಸಿದರು. ಕಣ್ಣು ಆಚೀಚೆ ಹುಡುಕಿತು. ಮತ್ತೆ ಅದೇ ಶಬ್ದ.

"ಮೇಡಂ, ಸಮುಯಿ ಅಂತಿದ್ದಾರೆ" ಎಂದಳು ಅವಳು.

"ಹಾಗೆಂದರೆ ಎಂತ?"

"ಚಳಿ. ಚಳಿ ಆಗ್ತದೆ ಅಂತ."

ಮಗ ಮೊದಲು ಫ್ಯಾನ್ ಆರಿಸಿದ. ನಾನು ಕಿಟಕಿ ಮುಚ್ಚಿದೆ, ಮರ ಮಳೆಗೆ ಉಬ್ಬಿ ಚಿಲಕ ಕೂರಲೊಲ್ಲದು. ಕರಾವಳಿಯ ಮನೆಯಲ್ಲಿ ಉಣ್ಣೆಯ ಬಟ್ಟೆ ಎಲ್ಲಿಂದ? ಮುಂಬಯಿಗೆ ರೈಲಿನಲ್ಲಿ ಹೋಗುವಾಗ ಒಯ್ಯುತ್ತಿದ್ದ ಒಂದು ಕಂಬಳಿಯನ್ನು ಸೊಸೆ ಕಪಾಟಿನ ಮೇಲಿನಿಂದ ತೆಗೆದು ಹೊದಿಸಿದಳು. ಗಂಡ ಕಾಲಬದಿಯಲ್ಲಿ ಬಗ್ಗಿ ಅವರ ಪಾದಗಳನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. "ಐಸಿನ ಹಾಗೆ ಉಂಟು" ಎಂದರು, ಯಾರಿಗೂ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ಅಕ್ಕನಿಗೆ ನಿದ್ದೆ ಹತ್ತಿತು. ಮನೆಗೆ ಬಂದಾಗಿನಿಂದ ಹಗಲು ಹಾಗೆ ನಿದ್ದೆ ಮಾಡಿರಲಿಲ್ಲವಂತೆ.

ಪುಣೆಯ ಹುಡುಗಿ ಅಂದಿನಿಂದ ಬಿಡುವಾದಾಗಲೆಲ್ಲ ಕರೆ ಮಾಡುತ್ತಿದ್ದಳು. ಅಕ್ಕ ಆಡುವುದು ಅವರ ಊರಿನ ಆಡುಮಾತು, ನನಗೂ ಅರ್ಧವೇ ತಿಳಿಯುತ್ತದೆ ಎಂದು ಮೊದಲೇ ಹೇಳಿದ್ದಳು. ತಿಳಿದ ಅರ್ಧದಲ್ಲಿ ದೊಡ್ಡ ಸಂಗತಿ ಏನೂ ಇರಲಿಲ್ಲ. ಊರಿನ ತನ್ನ ಅಕ್ಕನನ್ನು ಕರೆದು, ಅಕ್ಕಾ, ಮಳೆ ಬರ್ತದೆ, ಒಣಗಿಸಿದ್ದನ್ನು ಒಳಗೆ ತಾ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಯಾರೋ ತನ್ನ ಚೂರಿ ತೆಗೆದುಕೊಂಡಿದ್ದಾರೆಂದು ಬೇಜಾರು ಮಾಡಿಕೊಂಡಿದ್ದರು. ಇಲ್ಲಿಯ ನಲವತ್ತು ವರ್ಷ, ಮಕ್ಕಳು, ಅತ್ತೆ ಕಲಿಸಿದ ತುಳು, ಒಂದೂ ಆ ಮಾತಿನಲ್ಲಿ ಬರಲಿಲ್ಲ. ಮಗನಿಗೆ ಅದನ್ನು ಹೇಳುವುದು ಹೇಗೆಂದು ಅವಳು ನನ್ನನ್ನು ಬೇರೆಯಾಗಿ ಕೇಳಿದಳು. ಹೇಳಬೇಡ ಎಂದೆ.

ಒಂದು ದಿನ ಗಂಡ ಎಂದಿನಂತೆ ಮಂಚದ ಬದಿಯಲ್ಲಿ ನಿಂತಿದ್ದಾಗ ಅಕ್ಕ ಅವರ ಕಡೆ ನೋಡಿ, ಸ್ವರ ತಗ್ಗಿಸಿ, ಏನೋ ಹೇಳಿದರು.

"ಎಂತ ಹೇಳಿದಳು?" ಎಂದು ಅವರು ಫೋನಿನತ್ತ ಬಗ್ಗಿದರು.

ಪುಣೆಯ ಹುಡುಗಿ ತಡವರಿಸಿದಳು. "ಆ ಯಜಮಾನರು ಯಾಕೆ ಅಷ್ಟು ಹೊತ್ತಿನಿಂದ ನಿಂತಿದ್ದಾರೆ, ದಯವಿಟ್ಟು ಕೂತುಕೊಳ್ಳಲಿ ಅಂತಿದ್ದಾರೆ. ತುಂಬ ಮರ್ಯಾದೆಯ ಮಾತಿನಲ್ಲಿ ಹೇಳಿದರು."

ಹೊರಗಿನವರಿಗೆ ಆಡುವ ಮರ್ಯಾದೆ. ಅವರಿಗೂ ಅದು ಅರ್ಥವಾಯಿತು. ಕುರ್ಚಿ ಎಳೆದು ಕೂತುಕೊಂಡರು. ಅಕ್ಕನಿಗೆ ಸಮಾಧಾನವಾದಂತೆ ಕಂಡಿತು.

ಅವತ್ತು ಗೇಟಿನವರೆಗೆ ಬಂದ ಅವರು, ನಾನು ಕೊಡೆ ಬಿಚ್ಚುತ್ತಿದ್ದಾಗ ಹೇಳಿದರು. "ಅಲ್ಲಿ ಇದ್ದಾಗ ಅವಳ ಭಾಷೆಯ ಕೆಲವು ಮಾತು ನನಗೂ ಬರ್ತಿತ್ತು ಟೀಚರ್. ಆ ಮಾತಿನಿಂದಲೇ ಅಲ್ಲವಾ ಅವಳನ್ನು ಒಪ್ಪಿಸಿದ್ದು. ಇಲ್ಲಿ ಬಂದ ಮೇಲೆ ಬೇಕಾಗಲಿಲ್ಲ. ಅವಳೇ ತುಳು ಕಲಿತಳಲ್ಲ. ನನಗೆ ಸುಲಭ ಆಯ್ತು, ನಾನು ಮರೆತುಬಿಟ್ಟೆ."

ಪುಣೆಯ ಹುಡುಗಿಯಿಂದ ಅವರು ಕೆಲವು ಮಾತು ಕೇಳಿ ಕಲಿತರು. ಚಳಿಯಾ, ನೋಯುತ್ತದಾ, ನಾನು ಇಲ್ಲೇ ಇದ್ದೇನೆ. ತುಳುವಿನ ಎಳೆತದಲ್ಲಿ ಅವರು ಅದನ್ನು ಹೇಳಿದರೆ ಅಕ್ಕ ಒಮ್ಮೊಮ್ಮೆ ಉತ್ತರ ಕೊಡುತ್ತಿದ್ದರು. ಉತ್ತರ ತಿಳಿಯಲು ಮತ್ತೆ ಪುಣೆಗೆ ಫೋನ್ ಮಾಡಬೇಕಿತ್ತು. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಹೊಸತರಲ್ಲಿ, ಬೆಳಗ್ಗೆ ಗಂಜಿ ಕುಡಿಸಲು ಎಬ್ಬಿಸಿದಾಗ ಅಕ್ಕ ಏಳಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆ. ಅಕ್ಕ ಎಷ್ಟು ಚಂದ ತುಳು ಮಾತಾಡುತ್ತಿದ್ದರು ಎಂದು ಗುರುತಿನವರೆಲ್ಲ ನೆನಪಿಸಿಕೊಂಡರು. ಮನೆಯ ಹೆಂಗಸರೆಲ್ಲ ಅದನ್ನೇ ಹೇಳಿದರು. ಹೊಗಳಿಕೆಯೇ ಹೌದು, ಆದರೆ ನಾನು ಎಲ್ಲರಿಗಿಂತ ಮೊದಲು ಎಲೆ ಮಡಚಿ ಎದ್ದೆ.

ಅದಾದ ಕೆಲವು ದಿನಕ್ಕೆ ಪುರವಣಿಯವರು ಒಂದು ಪುಸ್ತಕ ಕಳಿಸಿದರು. ಜಪಾನಿನ ಸಂಸ್ಕೃತಿಯಲ್ಲಿ ಮೌನದ ಅರ್ಥ ಎಂಬ ವಿಷಯ. ಒಳ್ಳೆಯ ಪುಸ್ತಕವೇ ಇರಬೇಕು. ಮೊದಲ ಅಧ್ಯಾಯ ಓದಿದೆ, ಎರಡನೆಯದು ಓದಲಾಗಲಿಲ್ಲ. "ಇದನ್ನು ಬೇರೆಯವರಿಗೆ ಕೊಡಿ" ಎಂದು ಫೋನ್ ಮಾಡಿದೆ.

"ನೀವಲ್ಲದೆ ಬೇರೆ ಯಾರಿದ್ದಾರೆ ಮೇಡಂ?" ಎಂದರು ಅವರು.

"ಗೊತ್ತಿಲ್ಲ" ಎಂದೆ. ಆಮೇಲೆ ಅವರೂ ಕಳಿಸುವುದನ್ನು ಬಿಟ್ಟರು.

ಈಗ ವಾರಕ್ಕೆ ಎರಡು ದಿನ ಪುಣೆಯ ನನ್ನ ಆ ವಿದ್ಯಾರ್ಥಿನಿ ಆನ್‌ಲೈನಿನಲ್ಲಿ ನಡೆಸುವ ತರಗತಿಗೆ ಕೂರುತ್ತೇನೆ. ಉಳಿದವರೆಲ್ಲ ಕಾಲೇಜಿನ ಮಕ್ಕಳು. ಅವರು ಒಂದು ವಾರದಲ್ಲಿ ಕಲಿತ ಅಕ್ಷರ ನನ್ನ ತಲೆಯಲ್ಲಿ ತಿಂಗಳಾದರೂ ನಿಲ್ಲುವುದಿಲ್ಲ. ಟೀಚರ್ ಎಂದು ನಾನು ಅವಳನ್ನು ಕರೆದರೆ ಅವಳಿಗೆ ನಾಚಿಕೆಯಾಗುತ್ತದೆ. ಯಾರಿಗಾಗಿ ಕಲಿಯುತ್ತಿದ್ದೀರಿ ಎಂದು ಅವಳು ಕೇಳಿಲ್ಲ.

ಕೂಳೂರಿನ ಆ ಯಜಮಾನರು ಉರ್ವ ಮಾರ್ಕೆಟಿಗೆ ಬಂದಾಗ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಅಕ್ಕನ ಅಕ್ಕನಿಗೆ ಸುದ್ದಿ ಮುಟ್ಟಿಸಬೇಕೆಂದು ಹಳೇ ವಿಳಾಸಕ್ಕೆ ಪತ್ರ ಬರೆಸಿದ್ದರು. ಅಂಥವರು ಇಲ್ಲಿಲ್ಲ ಎಂದು ಅದು ವಾಪಸ್ ಬಂತು. ಕಳೆದ ಸಲ ಬಂದಾಗ ಅದನ್ನು ಹೇಳಿ, "ಒಮ್ಮೆ ಹೋಗಿ ಬರುವ ಅಂತ ಪ್ರತಿ ವರ್ಷ ಹೇಳ್ತಿದ್ದೆ ಅವಳಿಗೆ. ಈ ಸೀಸನ್ ಮುಗಿಯಲಿ, ಈ ದೋಣಿ ಇಳಿಯಲಿ ಅಂತ. ಅವಳು ಆಯ್ತು ಅಂತಿದ್ದಳು. ಒಮ್ಮೆಯೂ ಹಟ ಮಾಡ್ಲಿಲ್ಲ" ಎಂದರು.

"ಈಗ ಹೋಗಬಹುದಲ್ಲ. ಮಗ ಕರೆದುಕೊಂಡು ಹೋಗ್ತಾನೆ" ಎಂದೆ.

"ಹೋಗಿ ಅಲ್ಲಿ ಯಾರ ಹತ್ತಿರ ಎಂತ ಮಾತಾಡುವುದು?" ಎಂದರು.

ಅವರು ಚಹಾ ಮುಗಿಸಿ, ಮಾರ್ಕೆಟಿನಿಂದ ತಂದ ಬಸಳೆಯ ಕಟ್ಟನ್ನು ಎತ್ತಿಕೊಂಡು ಬಸ್ಸಿಗೆ ಹೊರಟರು.